ರೈಲಿನ ಕೂಗಿಗೆ ಹೊರಡುತ್ತಿದ್ದ ಬಸ್ಸು

ಅಜ್ಜಂಪುರದ ರೈಲು ನಿಲ್ದಾಣದ ಎದುರಿಗೆ ಆಗ ಒಂದು ಹಳೆಯ ಬೇವಿನ ಮರವಿತ್ತು. ತರೀಕೆರೆಗೆ ಹೋಗುವ ಒಂದು ಖಾಸಗಿ ಬಸ್ಸು ಪ್ರತಿದಿನ ಬೆಳಿಗ್ಗೆ ಆ ಮರದ ನೆರಳಿಗೆ ಬಂದು, ಎಂಜಿನ್ ಆರಿಸಿಕೊಂಡು, ಚಿಕ್ಕಜಾಜೂರು ಕಡೆಯಿಂದ ಬರುವ ಪ್ಯಾಸೆಂಜರ್ ರೈಲಿಗಾಗಿ ಕಾಯುತ್ತಿತ್ತು. ರೈಲು ಎಷ್ಟು ತಡವಾದರೂ ಬಸ್ಸು ಕದಲುತ್ತಿರಲಿಲ್ಲ. ಆ ಕಾಯುವಿಕೆಯ ಬೆಲೆ ಏನು ಎಂಬುದನ್ನು ಕಂಡುಹಿಡಿಯುವುದು ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ನನ್ನ ಪಾಲಿಗೆ ಬಂದ ಕೆಲಸವಾಗಿತ್ತು. ಕಂಡುಹಿಡಿದೆ. ಅದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ.

ನಾನು ಕಡೂರಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದೆ. ಬಾಲ್ಯದಿಂದ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕವನ್ನು ಓದಿ, ಆಮೇಲೆ ಜೀವನೋಪಾಯಕ್ಕೆಂದು ಈ ಶಾಸ್ತ್ರಕ್ಕೆ ಬಂದವನು. ನಡುವಯಸ್ಸಿನಲ್ಲಿ ಸಂಶೋಧನಾ ಪದವಿಗೆ ಹೆಸರು ನೋಂದಾಯಿಸಿದಾಗ, ಮೈಸೂರಿನಲ್ಲಿದ್ದ ಮಾರ್ಗದರ್ಶಕರು ನಾನು ಸಿದ್ಧಪಡಿಸಿದ್ದ ಗ್ರಂಥಸೂಚಿಯನ್ನು ಪಕ್ಕಕ್ಕೆ ಸರಿಸಿ, "ಒಂದು ಪುಸ್ತಕದ ರೇಖೆಗಳನ್ನ ಇನ್ನೊಂದು ಪುಸ್ತಕಕ್ಕೆ ಇಳಿಸಬೇಡಿ. ಯಾವುದಾದರೂ ಒಂದು ವ್ಯಾಪಾರದ ಬಾಗಿಲಲ್ಲಿ ವರ್ಷ ಕೂತು ಬನ್ನಿ. ಅಲ್ಲಿ ಬೇಡಿಕೆ ಹೇಗೆ ಹುಟ್ಟುತ್ತದೆ ನೋಡಿ. ಆಮೇಲೆ ಬರೆಯಿರಿ," ಎಂದರು. ಗುರುವಿನ ಮಾತು. ಎದುರಾಡಲಿಲ್ಲ.

ಆ ಬಸ್ಸಿನ ಯಜಮಾನರು ಅಜ್ಜಂಪುರದ ಹಳೆಯ ಶೈವ ಮನೆತನದವರು. ಮಠಕ್ಕೆ ನಡೆದುಕೊಳ್ಳುವವರು, ಬೆಳಗಿನ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವರು. ಅವರ ತಂದೆಯ ಕಾಲದಲ್ಲಿ ಮೂರು ಬಸ್ಸುಗಳಿದ್ದವು. ನಾನು ಹೋಗುವ ಹೊತ್ತಿಗೆ ಉಳಿದಿದ್ದದ್ದು ಇದೊಂದೇ. ಅವರ ಮಗ ನನ್ನ ಶಿಷ್ಯ. ನಾನು ಬಂದ ಕಾರಣವನ್ನು ಮಗ ವಿವರಿಸಿದಾಗ ಯಜಮಾನರು ನಕ್ಕು, "ಏನು ಮೇಷ್ಟ್ರೇ, ನಮ್ಮ ಡಕೋಟ ಗಾಡಿಗೂ ಒಂದು ಶಾಸ್ತ್ರ ಬಂತಾ? ಕೂತ್ಕಳ್ಳಿ, ಕೂತ್ಕಳ್ಳಿ. ಆದ್ರೆ ಒಂದ್ ಮಾತು. ಇದೊಂದು ಗಾಡಿ ನಿಂತ್ರೆ ನಮ್ಮಪ್ಪನ ಹೆಸರು ಈ ರಸ್ತೆ ಮೇಲಿಂದ ಹೋಯ್ತು ಅಂತಲೇ ಲೆಕ್ಕ. ಏನಾರ ಉಪಾಯ ಕಂಡ್ರೆ ಬಚ್ಚಿಟ್ಕಬೇಡಿ," ಎಂದರು. ಆ ಮಾತನ್ನು ಅವರು ನಗುತ್ತಲೇ ಹೇಳಿದರು. ನಾನು ನಗುತ್ತ ಕೇಳಿಸಿಕೊಳ್ಳಲಾರದೆ ಹೋದೆ.

ಕೆಲಸದ ಕ್ರಮ ಸರಳವಾಗಿತ್ತು. ಕಾಲೇಜಿಗೆ ರಜೆ ಇದ್ದ ದಿನಗಳಲ್ಲೆಲ್ಲ ಮುಂಜಾನೆಯ ಸಂಧ್ಯಾವಂದನೆ ಮುಗಿಸಿ, ಕಡೂರಿನಿಂದ ಬೀರೂರಿಗೂ ಅಲ್ಲಿಂದ ಅಜ್ಜಂಪುರಕ್ಕೂ ಬಂದು, ಬಸ್ಸಿನ ಹಿಂಬಾಗಿಲ ಪಕ್ಕದ ಸೀಟಿನಲ್ಲಿ ಕುಳಿತುಕೊಳ್ಳುತ್ತಿದ್ದೆ. ಯಾವ ನಿಲುಗಡೆಯಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು, ಅಂದು ರೈಲು ಎಷ್ಟು ತಡವಾಗಿತ್ತು, ಕಾಯುವಾಗ ಎದ್ದು ಹೋದವರು ಯಾರು ಎಂಬುದನ್ನು ಗುರುತು ಹಾಕಿಕೊಳ್ಳುತ್ತಿದ್ದೆ. ಟಿಕೆಟ್ಟಿನ ದರ ಸರ್ಕಾರ ಕಟ್ಟಿದ್ದು. ಅದನ್ನು ಏರಿಸುವುದಾಗಲಿ ಇಳಿಸುವುದಾಗಲಿ ಬಸ್ಸಿನವರ ಕೈಯಲ್ಲಿರಲಿಲ್ಲ. ಬೆಲೆಯ ಮೂಲಕ ಸ್ಪರ್ಧೆ ಇಲ್ಲದ ಕಡೆ ವ್ಯಾಪಾರಿ ಯಾವುದರ ಮೂಲಕ ಸ್ಪರ್ಧಿಸುತ್ತಾನೆ ಎಂಬುದೇ ನನ್ನ ಪ್ರಶ್ನೆ. ಉತ್ತರ ಕಣ್ಣೆದುರಿಗಿತ್ತು. ಕಾಲದ ಮೂಲಕ.

ಅದೇ ರಸ್ತೆಯಲ್ಲಿ ಇನ್ನೊಬ್ಬರ ಬಸ್ಸೂ ಇತ್ತು. ಅದು ಊರೊಳಗಿನ ಬಸ್ ನಿಲ್ದಾಣದಿಂದ ಹತ್ತೂವರೆಗೆ, ಯಾರಿಗೂ ಕಾಯದೆ, ಗಡಿಯಾರ ನೋಡಿಕೊಂಡು ಹೊರಡುತ್ತಿತ್ತು. ಜನ ಅದನ್ನು 'ಹೊಸ ಬಸ್ಸು' ಎನ್ನುತ್ತಿದ್ದರು. ಯಜಮಾನರ ಬಸ್ಸಿಗೆ 'ರೈಲು ಬಸ್ಸು' ಎಂದು ಹೆಸರು. ರೈಲು ಹತ್ತಕ್ಕೆ ಬರಬೇಕು. ಬರುತ್ತಿದ್ದದ್ದು ಹನ್ನೊಂದಕ್ಕೆ, ಕೆಲವೊಮ್ಮೆ ಹನ್ನೊಂದೂವರೆಗೆ. ರೈಲಿಳಿದವರು ಬೀರೂರಿಗೆ ಹೋಗಿ ಶಿವಮೊಗ್ಗದ ಗಾಡಿಗಾಗಿ ಕಾಯುವ ಬದಲು ಇಲ್ಲಿಂದಲೇ ಬಸ್ಸಿನಲ್ಲಿ ತರೀಕೆರೆಯ ತಾಲ್ಲೂಕು ಕಚೇರಿಗೋ ಆಸ್ಪತ್ರೆಗೋ ಹೋಗುತ್ತಿದ್ದರು.

ಈ ಕಾಯುವ ಪದ್ಧತಿ ಯಜಮಾನರ ತಂದೆ ಹಾಕಿಕೊಟ್ಟದ್ದು. ರೈಲಿಳಿದು ಬಂದವರನ್ನು ಬಿಟ್ಟುಹೋಗುವುದು, ಬಾಗಿಲಿಗೆ ಬಂದವರನ್ನು ಉಣಿಸದೆ ಕಳಿಸಿದ ಹಾಗೆ ಎಂದು ಅವರು ಹೇಳುತ್ತಿದ್ದರಂತೆ. ಯಜಮಾನರೂ ಆ ಮಾತು ಮೀರಿರಲಿಲ್ಲ. ಡ್ರೈವರ್ ಹಿಂದಿನ ಮೊದಲ ಸೀಟು ಯಜಮಾನರದು. ರೈಲಿಳಿದ ಕಟ್ಟಕಡೆಯವರು ಹತ್ತಿದ ಮೇಲೆ ಅವರು ಕಿಟಕಿಯಿಂದ ತಲೆ ಹೊರಹಾಕಿ ನೋಡಿ, "ಹೂಂ, ಶಿವಾ," ಎನ್ನುತ್ತಿದ್ದರು. ಅದಾದ ಮೇಲೆಯೇ ಡ್ರೈವರ್ ಎಂಜಿನ್ ಎಬ್ಬಿಸುವುದು.

ಕಾಯುವ ಹೊತ್ತಿನ ಮಾತುಗಳನ್ನು ಈಗ ನೆನೆದರೆ ಕಿವಿ ತುಂಬುತ್ತದೆ.

"ಏನಯ್ಯ ಕಂಡಕ್ಟ್ರೇ, ರೈಲು ಬರ್ತದೋ, ಇಲ್ಲ ಹಳಿ ಕಿತ್ಕಂಡು ಹೋದ್ರೋ?"

"ಬತ್ತದೆ ಕೂತ್ಕಳಜ್ಜ. ನಿನ್ನ ಮದುವೆ ದಿಬ್ಬಣಕ್ಕೆ ಹೊತ್ತಾಯ್ತಾ?"

"ನನ್ನದು ಆಗೋಯ್ತು. ನಿನ್ನದು ಈ ಮರದ ಕೆಳಗೇ ಆಗ್ತದೆ ಬಿಡು, ಬೇವಿನ ಮರದ ಜೊತೆ."

ಹೀಗೆ ನಕ್ಕವರಲ್ಲೇ ಕೆಲವರು, ಹತ್ತೂಕಾಲರ ಹೊತ್ತಿಗೆ, ಚೀಲ ಕೈಗೆತ್ತಿಕೊಂಡು ಊರೊಳಗಿನ ಬಸ್ ನಿಲ್ದಾಣದ ಕಡೆ ನಡೆದುಬಿಡುತ್ತಿದ್ದರು. ಹೊಸ ಬಸ್ಸಿಗೆ. ಅವರ ಬೆನ್ನನ್ನು ನೋಡುತ್ತ ನಾನು ಗುರುತು ಹಾಕಿಕೊಳ್ಳುತ್ತಿದ್ದೆ. ಯಜಮಾನರೂ ಅದೇ ಬೆನ್ನುಗಳನ್ನು ನೋಡುತ್ತಿದ್ದರು.

ಮಳೆಗಾಲ ಕಳೆದು ಕಾರ್ತಿಕದ ಹೊತ್ತಿಗೆ ನನ್ನ ಅಧ್ಯಯನದ ಮೊದಲ ಭಾಗ ಮುಗಿಯಿತು. ರೈಲು ತಡವಾದಷ್ಟೂ ಎದ್ದುಹೋಗುವವರು ಹೆಚ್ಚು. ರೈಲಿನಿಂದ ಇಳಿದು ಬರುವವರ ಸಂಖ್ಯೆ ಎದ್ದುಹೋದವರ ಸಂಖ್ಯೆಗಿಂತ ಬಹುಪಾಲು ದಿನ ಕಡಿಮೆ. ಕಡೆಯ ಗಿರಾಕಿಯನ್ನು ಪಡೆಯಲು ಮಾಡುವ ವೆಚ್ಚ ಆ ಗಿರಾಕಿಯಿಂದ ಬರುವ ಆದಾಯವನ್ನು ಮೀರಬಾರದು ಎನ್ನುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಆ ಪಾಠದ ಪ್ರಕಾರ ಬಸ್ಸು ಕಾಯಬಾರದಾಗಿತ್ತು. ಮಾರ್ಗದರ್ಶಕರು ನನ್ನ ಕೋಷ್ಟಕಗಳನ್ನು ಮೆಚ್ಚಿದರು. ಆದರೆ ನನಗೆ ಸಮಾಧಾನವಿರಲಿಲ್ಲ. ಪಾಠಶಾಲೆಯಲ್ಲಿ ನನ್ನ ಗುರುಗಳು, ಕಂಡದ್ದನ್ನು ಹೇಳುವುದು ಸುಲಭ, ಕಾಣದಿರುವುದನ್ನು ಯಾಕೆ ಕಾಣಲಿಲ್ಲ ಎಂದು ಕೇಳಿಕೊಳ್ಳುವುದು ತರ್ಕ ಎನ್ನುತ್ತಿದ್ದರು. ಎದ್ದುಹೋದವರು ನನಗೆ ಕಂಡಿದ್ದರು. ಊರು ದಾಟಿದ ಮೇಲೆ, ಹಾದಿಯ ಹಳ್ಳಿಗಳಲ್ಲಿ, ಗುಂಪುಗುಂಪಾಗಿ ಹತ್ತುತ್ತಿದ್ದವರೂ ಕಂಡಿದ್ದರು. ಆದರೆ ಅವರು ಮೊದಲು ಹೋಗುವ ಹೊಸ ಬಸ್ಸನ್ನು ಬಿಟ್ಟು ತಡವಾಗಿ ಬರುವ ಇದನ್ನೇ ಯಾಕೆ ಹತ್ತುತ್ತಾರೆ ಎಂಬುದು ಕಂಡಿರಲಿಲ್ಲ.

ಅಷ್ಟರಲ್ಲಿ ಡೀಸೆಲ್ ಬೆಲೆ ಏರಿತು. ಬಸ್ಸಿಗೆ ಹೊಸ ಟೈರುಗಳು ಬೇಕಾದವು. ಒಂದು ಮಧ್ಯಾಹ್ನ ಯಜಮಾನರು ಮನೆಯ ಪಡಸಾಲೆಯಲ್ಲಿ ನನ್ನನ್ನು ಕೂರಿಸಿ, ಮಗನನ್ನೂ ಕರೆದು, "ಈಗ ಹೇಳಿ ಮೇಷ್ಟ್ರೇ. ನಿಮ್ಮ ಶಾಸ್ತ್ರ ಏನಂತದೆ?" ಎಂದು ಕೇಳಿದರು.

ಕಂಡದ್ದನ್ನು ಹೇಳಿದೆ. ಇದು ಅರ್ಧ ಮಾತ್ರ ಎಂದೂ ಹೇಳಿದೆ. "ಹಾದಿಯ ಹಳ್ಳಿಗಳಲ್ಲಿ ನಾನಿನ್ನೂ ಇಳಿದು ನೋಡಿಲ್ಲ, ಯಜಮಾನ್ರೇ. ಯುಗಾದಿಯವರೆಗೆ ಸಮಯ ಕೊಡಿ. ಅಲ್ಲಿಯವರೆಗೆ ಏನನ್ನೂ ಬದಲಾಯಿಸಬೇಡಿ."

ಮಗ ಒಳ್ಳೆಯ ಹುಡುಗ. ತಂದೆಯ ಎದುರು ದನಿ ಎತ್ತಿದವನಲ್ಲ. ಅಂದು ಮಾತ್ರ ತಡೆಯಲಾರದೆ, "ಸಾರ್, ಯುಗಾದಿ ತನಕ ಟೈರು ಕಾಯಲ್ಲ. ನೀವೇ ಕ್ಲಾಸಲ್ಲಿ ಹೇಳ್ತಿದ್ರಿ, ಕೈಬಿಟ್ಟು ಹೋಗೋ ಗಿರಾಕಿ ಕಡೆ ನೋಡಿ ಅಂತ. ನೋಡ್ತಿದ್ದೀವಿ. ದಿನಾ ಹೋಗ್ತಿದ್ದಾರೆ. ಹತ್ತೂಕಾಲಿಗೆ ಬಿಟ್ರೆ ಹೊಸ ಬಸ್ಸಿಗಿಂತ ಮುಂಚೆ ನಾವು ರಸ್ತೇಲಿರ್ತೀವಿ. ಸಾರಿಗೆ ಆಫೀಸ್ನೋರು ಟೈಮಿಂಗ್ಸ್ ಬದಲಾವಣೆಗೆ ಅರ್ಜಿ ತಗಳೋದು ಈಗ. ಈಗ ಬಿಟ್ರೆ ಮುಂದಿನ ಮೀಟಿಂಗ್ ಯಾವಾಗಲೋ," ಎಂದ.

"ಅಪ್ಪನ ಕಾಲದ ಪದ್ಧತಿ ಕಣಪ್ಪ," ಎಂದರು ಯಜಮಾನರು.

"ತಾತನ ಕಾಲದಲ್ಲಿ ಈ ರಸ್ತೇಲಿ ನಮ್ಮದೊಂದೇ ಬಸ್ಸು ಇತ್ತು ಅಪ್ಪಾಜಿ. ಕಾದ್ರೂ ಜನ ಎಲ್ಲೋಗ್ತಿದ್ರು?"

ಯಜಮಾನರು ದೇವರ ಕೋಣೆಯ ಕಡೆ ನೋಡಿದರು. ಕೊನೆಗೆ, "ನಿನ್ನ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಸ್ವಾಮಿನ ಕೇಳಾನ," ಎಂದರು. ಆ ಮನೆಯಲ್ಲಿ ಮದುವೆ, ಜಮೀನು, ಬಾವಿ, ಯಾವುದೇ ಆಗಲಿ, ಕೊನೆಯ ತೀರ್ಮಾನ ಹಾಗೆಯೇ ಆಗುತ್ತಿತ್ತು.

ಅವರ ಮನೆದೇವರು ಚೌಳಹಿರಿಯೂರು ಹೋಬಳಿಯ ಒಂದು ಹಳ್ಳಿಯ ವೀರಭದ್ರಸ್ವಾಮಿ. ಸೋಮವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋದರು. ಗುಡಿಯ ಅಯ್ಯನವರು ಅಭಿಷೇಕ ಮಾಡಿ, ಒದ್ದೆಯಾದ ತುಂಬೆ ಹೂಗಳನ್ನು ಸ್ವಾಮಿಯ ಎರಡು ಭುಜಗಳಿಗೂ ಅಂಟಿಸಿದರು. ಕೇಳಿದ್ದಕ್ಕೆ ಒಪ್ಪಿಗೆಯಾದರೆ ಬಲಗಡೆಯ ಹೂ ಬೀಳುತ್ತದೆ, ಇಲ್ಲವಾದರೆ ಎಡಗಡೆಯದು. ಇದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ಯಜಮಾನರು ಶಲ್ಯವನ್ನು ಸೊಂಟಕ್ಕೆ ಬಿಗಿದು, ಕೈಮುಗಿದು, "ಸ್ವಾಮಿ, ಅಪ್ಪ ಹಾಕಿದ ಪದ್ಧತಿ ಬಿಟ್ಟು, ಗಾಡೀನ ರೈಲಿಗೆ ಕಾಯಿಸ್ದಂಗೆ ಗಡಿಯಾರಕ್ಕೆ ಬಿಡಬೇಕು ಅಂತಿದ್ದೀವಿ. ನಿನಗೆ ಒಪ್ಪಿಗೆ ಆದ್ರೆ ಬಲಗಡೆ ಕೊಡು," ಎಂದು ಕೇಳಿಕೊಂಡರು.

ದೀಪದ ಬತ್ತಿ ಚಿಟಿಚಿಟಿ ಎನ್ನುತ್ತಿತ್ತು. ನಾನೂ ಕಣ್ಣು ಮುಚ್ಚಿ ಪ್ರಾರ್ಥಿಸಿದೆ. ಎಡಗಡೆಯದು ಬೀಳಲಿ ಎಂದು ಪ್ರಾರ್ಥಿಸಲಿಲ್ಲ. ಇವರಿಗೆ ಒಳ್ಳೆಯದಾಗುವುದು ಬೀಳಲಿ ಎಂದು ಪ್ರಾರ್ಥಿಸಿದೆ. ಕಣ್ಣು ತೆರೆದಾಗ ಅಯ್ಯನವರು ಬಲಗಡೆಯಿಂದ ಬಿದ್ದ ಹೂವನ್ನು ಎತ್ತಿ ಯಜಮಾನರ ಅಂಗೈಯಲ್ಲಿಡುತ್ತಿದ್ದರು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಶಲ್ಯದ ತುದಿಯಲ್ಲಿ ಗಂಟುಹಾಕಿದರು. ಆ ವಾರವೇ ಅರ್ಜಿ ಹೋಯಿತು.

ನನ್ನ ಅಧ್ಯಯನದ ಎರಡನೆಯ ಭಾಗ ಉಳಿದಿತ್ತಷ್ಟೆ. ಅರ್ಜಿ ಇತ್ಯರ್ಥವಾಗುವುದಕ್ಕೆ ಮುಂಚೆ ಅದನ್ನು ಮುಗಿಸಬೇಕೆಂದು ನಿಶ್ಚಯಿಸಿ, ಒಂದು ದಿನ ಬಸ್ಸು ಹತ್ತದೆ, ಹಾದಿಯ ಎರಡನೆಯ ಹಳ್ಳಿಗೆ ಮೊದಲೇ ಹೋಗಿ ಬಸವಣ್ಣನ ಗುಡಿಯ ಜಗಲಿಯ ಮೇಲೆ ಕುಳಿತೆ. ಹೊಸ ಬಸ್ಸು ತನ್ನ ಹೊತ್ತಿಗೆ ರಸ್ತೆಯಲ್ಲಿ ಬಂದು, ಹಾರನ್ ಹಾಕಿ, ಇಬ್ಬರನ್ನು ಹತ್ತಿಸಿಕೊಂಡು ಹೋಯಿತು. ಅದಾದ ಮೇಲೆ ರಸ್ತೆ ಬರಿದಾಯಿತು. ಎದುರು ಮನೆಯ ಅಂಗಳದಲ್ಲಿ ಒಬ್ಬ ಹೆಂಗಸು ಮೊರದಲ್ಲಿ ರಾಗಿ ಕೇರುತ್ತಿದ್ದಳು. ರೈಲು ಬಸ್ಸಿನಲ್ಲಿ ಅವಳನ್ನು ಅನೇಕ ಸಲ ನೋಡಿದ್ದೆ. ತರೀಕೆರೆಯಲ್ಲಿ ಹಾಸಿಗೆ ಹಿಡಿದಿದ್ದ ತನ್ನ ತಾಯಿಗೆ ಊಟ ಒಯ್ಯುವವಳು.

"ಇವತ್ತು ತರೀಕೆರೆಗೆ ಹೋಗೋದಿಲ್ಲವೇನಮ್ಮ?" ಎಂದು ಕೇಳಿದೆ.

"ಹೋಗ್ಬೇಕು ಸ್ವಾಮಿ. ಇನ್ನೂ ಕೂಗ್ಲಿಲ್ವಲ್ಲ."

"ಯಾರು?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ರೈಲು."

ಜಗಲಿಯ ಇನ್ನೊಂದು ತುದಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಅವಳ ಗಂಡ, "ನಾನು ಗಂಟಲು ಹರ್ಕಂಡ್ರೂ ಎದ್ದು ಬರಲ್ಲ ಇವ್ಳು. ಆ ರೈಲು ಕೂಗಿದ್ರೆ ಸಾಕು, ಮೊರ ಬಿಸಾಕಿ ಓಡ್ತಾಳೆ," ಎಂದ.

"ಅದು ನನ್ನ ಕೆಲಸ ಮುಗಿಯೋ ಹೊತ್ತಿಗೆ ಕೂಗ್ತದೆ. ನೀನು ಹೊತ್ತಿಲ್ಲದ ಹೊತ್ತಲ್ಲಿ ಕೂಗ್ತೀಯ," ಎಂದಳು ಅವಳು.

ಬಡಗಣ ಗಾಳಿ ಬೀಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ದೂರದಲ್ಲಿ, ಅಜ್ಜಂಪುರದ ಆಚೆಯ ರೈಲ್ವೆ ಗೇಟಿನ ಹತ್ತಿರ, ಉಗಿ ಎಂಜಿನ್ನಿನ ದೀರ್ಘವಾದ ಕೂಗು ಕೇಳಿಸಿತು. ಅದರ ಹಿಂದೆಯೇ ಆ ಬೀದಿಯಲ್ಲಿ ನಾನು ಕಂಡದ್ದನ್ನು ಇಂದಿಗೂ ಮರೆತಿಲ್ಲ. ಹೆಂಗಸು ಮೊರವನ್ನು ಕೆಳಗಿಟ್ಟು ಒಳಗೆ ಹೋದಳು. ಮೂಲೆಮನೆಯ ಮುದುಕರು ದೊಣ್ಣೆ ಹಿಡಿದು ಹೊಸಿಲು ದಾಟಿದರು. ಹಿಂದಿನ ಕೇರಿಯಿಂದ ಮೂಟೆ ಹೊತ್ತ ಇಬ್ಬರು ಬಂದರು. ಹೊಲದ ಬದುವಿನ ಮೇಲೆ, ಒಳಗಿನ ಹಟ್ಟಿಯಿಂದ ಹೊರಟವರ ಸಾಲು ಕಾಣಿಸಿತು. ಯಾರೂ ಓಡಲಿಲ್ಲ. ಮನೆಯ ಕೆಲಸ ಮುಗಿಸಿ, ಹಾಲು ಹಾಕಿ, ಅಡಿಗೆ ಕಟ್ಟಿಕೊಂಡು, ಕೂಗು ಕೇಳಿದ ಮೇಲೆ ಬಾಗಿಲು ಎಳೆದುಕೊಂಡು ನಡೆದರೆ, ರಸ್ತೆ ಮುಟ್ಟುವ ಹೊತ್ತಿಗೆ ಬಸ್ಸು ಬರುತ್ತಿತ್ತು. ರೈಲು ನಿಂತು, ಜನ ಇಳಿದು, ಮೂಟೆಗಳು ಬಸ್ಸಿನ ಟಾಪಿಗೆ ಏರಿ, "ಹೂಂ, ಶಿವಾ" ಎಂದಾಗಿ, ಬಸ್ಸು ಇಲ್ಲಿಗೆ ಬರಲು ಹಿಡಿಯುವ ಹೊತ್ತು ಇವರ ಕಾಲಿಗೆ ಅಭ್ಯಾಸವಾಗಿತ್ತು. ಮನೆಗಳಲ್ಲಿ ಗಡಿಯಾರವಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ನಾನು ನಷ್ಟವೆಂದು ಗುರುತು ಹಾಕಿಕೊಂಡಿದ್ದ ಆ ಕಾಯುವಿಕೆಯೇ ಬಸ್ಸು ಮಾರುತ್ತಿದ್ದ ಸರಕು ಎಂಬುದು ನನಗೆ ಹೊಳೆದದ್ದು ಆ ಜಗಲಿಯ ಮೇಲೆ. ಗಡಿಯಾರದ ಜನ ಹೊಸ ಬಸ್ಸಿಗೆ ಸೇರಿದವರು, ಕೂಗಿನ ಜನ ಈ ಬಸ್ಸಿಗೆ. ಕಾಲವನ್ನು ಒಂದು ಬೀದಿ ಎಂದುಕೊಂಡರೆ, ಎರಡು ಅಂಗಡಿಗಳು ಅದರ ಎರಡು ತುದಿಯಲ್ಲಿದ್ದವು. ಈಗ ಒಂದು ಅಂಗಡಿ ತನ್ನ ತುದಿಯನ್ನು ಬಿಟ್ಟು ಇನ್ನೊಂದರ ಪಕ್ಕಕ್ಕೇ ಹೋಗಿ ಕೂರಲು ಹೊರಟಿತ್ತು. ಮರದ ಕೆಳಗಿಂದ ಎದ್ದುಹೋಗುತ್ತಿದ್ದವರು ತಪ್ಪಿ ಬಂದ ಗಿರಾಕಿಗಳು. ನಿಜವಾದ ಗಿರಾಕಿಗಳು ಮನೆಯಲ್ಲಿ ಕೂತು ಕಿವಿ ತೆರೆದುಕೊಂಡಿದ್ದರು. ಅವರ ಆ ಕಾಯುವಿಕೆಯನ್ನು ಬಸ್ಸಿನೊಳಗಿಂದ ನೋಡಲು ಸಾಧ್ಯವೇ ಇರಲಿಲ್ಲ.

ಅದೇ ಬಸ್ಸನ್ನು ಹತ್ತಿ ತರೀಕೆರೆಗೆ ಹೋದೆ, ಸಂಜೆ ಅದರಲ್ಲೇ ಹಿಂತಿರುಗಿ ಯಜಮಾನರ ಮನೆಗೆ ಹೋದೆ. ಕಂಡದ್ದನ್ನೆಲ್ಲ ಹೇಳಿದೆ. ಮಗ ತಲೆ ಬಗ್ಗಿಸಿ ಕೇಳಿದ. ಅವನಿಗೆ ಅರ್ಥವಾಯಿತೆಂದು ಮುಖ ನೋಡಿದರೇ ತಿಳಿಯುತ್ತಿತ್ತು. "ಅಪ್ಪಾಜಿ, ಸಾರ್ ಹೇಳೋದು ಸರಿ ಇದೆ. ಅರ್ಜಿ ವಾಪಸ್ ತಗಳಾಣ," ಎಂದ.

ಯಜಮಾನರು ವಿಭೂತಿ ಧರಿಸಿ ಸಂಜೆಯ ಪೂಜೆಗೆ ಏಳುವವರಿದ್ದರು. ಮತ್ತೆ ಕುಳಿತರು.

"ಸ್ವಾಮಿ ಹೂ ಕೊಟ್ಟಾಗಿದೆಯಲ್ಲಪ್ಪ."

"ಆಗ ನಮಗೆ ಇದು ಗೊತ್ತಿರ್ಲಿಲ್ಲ."

"ನಮಗೆ ಗೊತ್ತಿರ್ಲಿಲ್ಲ. ಸ್ವಾಮಿಗೂ ಗೊತ್ತಿರ್ಲಿಲ್ವಾ?"

ಯಜಮಾನರು ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಬೇಡಿಕೆಯಿತ್ತು. "ನೀವು ಓದಿದೋರು ಮೇಷ್ಟ್ರೇ. ಬರೀ ಇಂಗ್ಲೀಷ್ ಶಾಸ್ತ್ರ ಅಲ್ಲ, ನಮ್ಮ ಶಾಸ್ತ್ರಾನೂ ಓದಿದೋರು. ಒಂದ್ಸಲ ಕೊಟ್ಟ ಪ್ರಸಾದಾನ ತಿರುಗಿಸಿ ಕೇಳಬಹುದಾ? ನೀವು ಹೂಂ ಅಂದ್ರೆ ನಾಳೆನೇ ಹೋಗ್ತೀನಿ."

ಹೂಂ ಎಂದುಬಿಡಬಹುದಾಗಿತ್ತು ಎಂದು ಈಚೆಗೆ ಕೆಲವರು ನನಗೆ ಹೇಳಿದ್ದಾರೆ. ಅವರಿಗೆ ದೇವರೆದುರು ಕೈಮುಗಿದು ನಿಂತ ಅನುಭವವಿಲ್ಲ. ಕೇಳುವ ಮುಂಚೆ ಸಾವಿರ ಸಲ ಯೋಚಿಸು, ಕೇಳಿದ ಮೇಲೆ ಯೋಚಿಸಬೇಡ ಎಂಬುದು ಈ ಸೀಮೆಯಲ್ಲಿ ಪ್ರಸಾದ ಕೇಳುವ ಎಲ್ಲರ ನಡೆ. ಅದನ್ನು ನಾನೂ ನಂಬಿದವನು. ಕೊಟ್ಟ ಹೂವನ್ನು ಹಿಂದಕ್ಕೆ ಕೊಟ್ಟು ಇನ್ನೊಂದು ಕೇಳುವುದಾದರೆ ಮೊದಲು ಕೇಳಿದ್ದಾದರೂ ಏತಕ್ಕೆ? ಆದರೂ ನನ್ನ ತರ್ಕ ಒಂದು ಸಂದಿಯನ್ನು ಹುಡುಕಿತು.

"ಅದೇ ಪ್ರಶ್ನೆಯನ್ನ ತಿರುಗಿ ಕೇಳೋ ಹಾಗಿಲ್ಲ, ಯಜಮಾನ್ರೇ. ಆದರೆ ಬೇರೆ ಪ್ರಶ್ನೆ ಕೇಳಬಹುದು. ಹಳ್ಳಿಯ ಜನಕ್ಕಾಗಿ ರೈಲಿನ ಹೊತ್ತಿಗೂ ಒಂದು ಟ್ರಿಪ್ ಬಿಡಲೇ ಅಂತ ಕೇಳಬಹುದಲ್ಲ."

ಅವರು ಮೆಲ್ಲಗೆ ನಕ್ಕರು.

"ಅದು ಲಾಯರ್ ಮಾತಾಯ್ತು ಮೇಷ್ಟ್ರೇ. ಇರೋದು ಒಂದು ಗಾಡಿ. ಅದು ಎರಡು ಹೊತ್ತಿಗೆ ಹೆಂಗೆ ಹೊರಡ್ತದೆ? ಸ್ವಾಮಿ ಹತ್ರ ಲಾಯರ್ ಮಾತು ಆಡಬಾರ್ದು."

ಅವರು ಪೂಜೆಗೆ ಎದ್ದರು. ನಾನು ಪಡಸಾಲೆಯಲ್ಲಿ ಕುಳಿತೇ ಇದ್ದೆ. ಒಳಗಿನಿಂದ ಗಂಟೆಯ ಸದ್ದು ಬರುತ್ತಿತ್ತು. ನಾನು ಎರಡು ಶಾಸ್ತ್ರಗಳನ್ನು ಓದಿದ್ದೆ. ಒಂದು ನನಗೆ ಸತ್ಯವನ್ನು ತೋರಿಸಿತ್ತು. ಅದನ್ನು ಆಡಿ ಗೆಲ್ಲುವ ಹಕ್ಕನ್ನು ಇನ್ನೊಂದು ನನ್ನ ಬಾಯಿಂದ ತೆಗೆದುಕೊಂಡಿತ್ತು. ಎರಡನ್ನೂ ಬಿಡಲಾರದವನಾಗಿ ಮನೆಗೆ ಹೋದೆ.

ಸಂಕ್ರಾಂತಿ ಕಳೆದ ಮೇಲೆ ಹೊಸ ಹೊತ್ತು ಜಾರಿಗೆ ಬಂತು. ಮೊದಲ ದಿನ ಬಸ್ಸಿಗೆ ಮಾವಿನ ಸೊಪ್ಪು ಕಟ್ಟಿ, ತೆಂಗಿನಕಾಯಿ ಒಡೆದು, ಹತ್ತೂಕಾಲಿಗೆ ಹೊರಟರು. ಅಜ್ಜಂಪುರದಲ್ಲಿ ಬಸ್ಸು ಸಾಕಷ್ಟು ತುಂಬಿತ್ತು. ಕಂಡಕ್ಟರ್ ಉತ್ಸಾಹದಿಂದಿದ್ದ. ಮೊದಲ ಹಳ್ಳಿಯಲ್ಲಿ ಒಬ್ಬನೇ ನಿಂತಿದ್ದ. ಎರಡನೆಯ ಹಳ್ಳಿಯಲ್ಲಿ ಯಾರೂ ಇರಲಿಲ್ಲ. ಡ್ರೈವರ್ ಹಾರನ್ ಹಾಕಿ ಹಾಕಿ ನೋಡಿದ. ಎದುರು ಮನೆಯ ಹೆಂಗಸು ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದು, "ಇದೇನು, ರೈಲು ಕೂಗದಂಗೇ ಬಂದ್ಬಿಟ್ಯಲ್ಲ," ಎಂದಳು.

"ಇನ್ಮೇಲೆ ಹಿಂಗೇ ಕಣಕ್ಕ. ಹತ್ತಿದ್ರೆ ಹತ್ತು."

"ಬುತ್ತಿ ಕಟ್ಟಿಲ್ಲ, ಏನಿಲ್ಲ, ಹೆಂಗೆ ಹತ್ತಲಿ?"

ಅಷ್ಟು ಮಾತಾಡುವುದರೊಳಗೆ ಹಿಂದಿನಿಂದ ಹೊಸ ಬಸ್ಸಿನ ಹಾರನ್ ಕೇಳಿಸಿತು. ನಮ್ಮ ಡ್ರೈವರ್ ಗಾಡಿಯನ್ನು ಓಡಿಸಿದ. ಅಂದಿನಿಂದ ಎರಡು ಬಸ್ಸುಗಳೂ ಒಂದರ ಬಾಲ ಇನ್ನೊಂದು ಹಿಡಿದಂತೆ ಅದೇ ಜನಕ್ಕಾಗಿ ಓಡತೊಡಗಿದವು. ರೈಲು ಬಂದು ಹೋದ ಮೇಲೆ ಆ ರಸ್ತೆಯಲ್ಲಿ ಏನೂ ಇರಲಿಲ್ಲ. ಹಳ್ಳಿಯ ಜನಕ್ಕೆ ಹೊಸ ಹೊತ್ತು ಗೊತ್ತಾದ ಮೇಲೆ ಬರುತ್ತಾರೆಂದು ಮಗ ಹೇಳುತ್ತಿದ್ದ. ಗೊತ್ತಾಯಿತು. ಆದರೂ ಬರಲಾಗಲಿಲ್ಲ. ಆ ಹೊತ್ತಿಗೆ ಅವರ ಮನೆಗಳ ಕೆಲಸ ಮುಗಿಯುತ್ತಿರಲಿಲ್ಲ.

ಖಾಲಿ ಬಿದ್ದ ಜಾಗ ಬಹಳ ದಿನ ಖಾಲಿ ಉಳಿಯುವುದಿಲ್ಲ ಎಂಬುದೂ ನಮ್ಮ ಶಾಸ್ತ್ರದ ಪಾಠವೇ. ಬೇಸಿಗೆ ಮುಗಿಯುವ ಮುನ್ನ ಹೊಸ ಬಸ್ಸಿನವರು ಇನ್ನೊಂದು ಗಾಡಿಗೆ ಪರ್ಮಿಟ್ ಮಾಡಿಸಿ, ರೈಲು ಬಂದ ಮೇಲೆ ಹೊರಡುವ ಹೊತ್ತನ್ನು ತಮ್ಮದಾಗಿ ಮಾಡಿಕೊಂಡರು. ಬೇವಿನ ಮರದ ಕೆಳಗೆ ಅವರ ಗಾಡಿ ಬಂದು ನಿಂತಿತು. ಅದನ್ನು ನೋಡಿ ಬಂದ ದಿನ ನಮ್ಮ ಕಂಡಕ್ಟರ್ ತರೀಕೆರೆಯವರೆಗೂ ಒಂದು ತಮಾಷೆಯ ಮಾತನ್ನೂ ಆಡಲಿಲ್ಲ. ಇಳಿಯುವಾಗ ನನಗೆ, "ಮೇಷ್ಟ್ರೇ, ಮರದ ಜೊತೆ ನನ್ನ ಮದುವೆ ಅಂತಿದ್ರಲ್ಲ. ಹೆಣ್ಣು ಕೈತಪ್ತು," ಎಂದು ಹೇಳಿ, ನಗಲು ಯತ್ನಿಸಿ, ಆಗದೆ, ಟಿಕೆಟ್ ಚೀಲ ಸರಿಮಾಡಿಕೊಂಡು ಹೋದ.

ಯಜಮಾನರು ಮೊದಲಿನಂತೆಯೇ ಮೊದಲ ಸೀಟಿನಲ್ಲಿ ಕೂರುತ್ತಿದ್ದರು. ಕಾಯುವುದಿಲ್ಲವಾದ್ದರಿಂದ "ಹೂಂ, ಶಿವಾ" ಎನ್ನುವ ಸಂದರ್ಭವಿರಲಿಲ್ಲ. ಕಂಡಕ್ಟರ್ ಸೀಟಿ ಊದಿದರೆ ಬಸ್ಸು ಹೊರಡುತ್ತಿತ್ತು. ದಾರಿಯುದ್ದಕ್ಕೂ ಅವರು ಹೊರಗೆ ನೋಡುತ್ತಿದ್ದರು. ಒಮ್ಮೆ ನಾನು ಪಕ್ಕದಲ್ಲಿ ಕುಳಿತಾಗ, ಬಹಳ ಮೆಲ್ಲಗೆ, "ನಾನು ಕೇಳಿದ್ದಕ್ಕೆ ಸ್ವಾಮಿ ಉತ್ತರ ಕೊಟ್ಟ. ಅದರಲ್ಲಿ ತಪ್ಪಿಲ್ಲ. ಆದ್ರೆ ಅವನು ಯಾಕೆ ಹಂಗೆ ಕೊಟ್ಟ, ಅದೊಂದು ತಿಳೀಲಿಲ್ಲ ಮೇಷ್ಟ್ರೇ," ಎಂದರು. ನನಗೂ ತಿಳಿದಿರಲಿಲ್ಲ. ಇಂದಿಗೂ ತಿಳಿದಿಲ್ಲ. ನಿತ್ಯ ಜಪಕ್ಕೆ ಕುಳಿತಾಗ ಆ ಬಿಳಿಯ ತುಂಬೆ ಹೂ ಒಮ್ಮೊಮ್ಮೆ ಕಣ್ಣೆದುರು ಬರುತ್ತದೆ. ಅದನ್ನು ಪ್ರಶ್ನಿಸುವುದಿಲ್ಲ. ಅದರಿಂದ ನೆಮ್ಮದಿಯನ್ನೂ ಪಡೆದಿಲ್ಲ.

ಮುಂದಿನ ಮಳೆಗಾಲದಲ್ಲಿ ಬಸ್ಸೂ ಪರ್ಮಿಟ್ಟೂ ಹೊಸ ಬಸ್ಸಿನವರಿಗೇ ಹೋದವು. ಮಗ ಬೀರೂರಿನಲ್ಲಿ ಒಂದು ಮಂಡಿಯಲ್ಲಿ ಗುಮಾಸ್ತನಾದ. ನನ್ನ ಪ್ರಬಂಧ ಅಂಗೀಕೃತವಾಯಿತು. ಇಬ್ಬರು ಮಾರಾಟಗಾರರು ಕಾಲವೆಂಬ ಬೀದಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬ ಎರಡನೆಯ ಅಧ್ಯಾಯವನ್ನು ಪರೀಕ್ಷಕರು ವಿಶೇಷವಾಗಿ ಹೊಗಳಿ, ಇಷ್ಟು ಸ್ವಚ್ಛವಾದ ಉದಾಹರಣೆ ಸಿಗುವುದು ಅಪರೂಪ ಎಂದರು. ನಾನು ನಮಸ್ಕರಿಸಿ ಹೊರಗೆ ಬಂದೆ.

ಆಮೇಲೆ ಒಂದು ದಿನ ತರೀಕೆರೆಗೆ ಹೋಗಬೇಕಾಗಿ ಬಂದು, ಅಜ್ಜಂಪುರದಲ್ಲಿ ಇಳಿದೆ. ಬೇವಿನ ಮರದ ಕೆಳಗೆ ನಿಂತಿದ್ದದ್ದು ಯಜಮಾನರ ಹಳೆಯ ಗಾಡಿಯೇ. ಬಣ್ಣ ಬದಲಾಗಿತ್ತು, ಮೇಲೆ ಬರೆದ ಹೆಸರು ಬದಲಾಗಿತ್ತು. ಹಳೆಯ ಡ್ರೈವರನ್ನು ಹೊಸಬರು ಉಳಿಸಿಕೊಂಡಿದ್ದರು. ಒಳಗೆ ಹತ್ತಿದರೆ ಮೊದಲ ಸೀಟಿನಲ್ಲಿ ಯಜಮಾನರು, ತಾಲ್ಲೂಕು ಕಚೇರಿಗೆ ಹೊರಟವರು, ಕೈಯಲ್ಲಿ ಟಿಕೆಟ್ ಹಿಡಿದು ಕುಳಿತಿದ್ದರು. "ಬನ್ನಿ ಮೇಷ್ಟ್ರೇ," ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ರೈಲು ಕೂಗಿತು, ಬಂತು, ನಿಂತಿತು. ಜನ ಇಳಿದು ಬಂದು ಹತ್ತಿದರು. ಕಡೆಯವರೂ ಹತ್ತಿದ ಮೇಲೆ ಡ್ರೈವರ್ ಕೀಲಿಗೆ ಕೈಹಾಕಿ, ತಡೆದು, ಕನ್ನಡಿಯಲ್ಲಿ ಯಜಮಾನರ ಕಡೆ ನೋಡಿದ. ಅಭ್ಯಾಸಬಲ. ಯಜಮಾನರು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಆಮೇಲೆ ಹೊಸ ಕಂಡಕ್ಟರ್ ಸೀಟಿ ಊದಿದ.

ಮೊದಲ ಹಳ್ಳಿಯ ಜನ ಆಗಷ್ಟೇ ರಸ್ತೆ ಮುಟ್ಟಿದ್ದರು. ಎರಡನೆಯ ಹಳ್ಳಿಯಲ್ಲಿ ಹತ್ತಿದವರಿಗೆ ಕೂರಲು ಜಾಗವಿರಲಿಲ್ಲ. ಅವರಲ್ಲಿ ಬುತ್ತಿ ಹಿಡಿದ ಆ ಹೆಂಗಸೂ ಇದ್ದಳು. ಯಜಮಾನರು ಮೆಲ್ಲಗೆ ಎದ್ದು ನಿಂತು ತಮ್ಮ ಜಾಗ ತೋರಿಸಿದರು.

"ಅಯ್ಯೋ, ಕೂತ್ಕಳ್ಳಿ ಯಜಮಾನ್ರೇ. ನಿಮ್ಮದೇ ಗಾಡೀಲಿ ನೀವು ನಿಂತ್ಕಂತೀರಾ?"

"ಅಲ್ಲ ಕಣಮ್ಮ," ಎಂದರು ಅವರು. "ಕೂತ್ಕ."

ನಾನು ಎದ್ದು ನನ್ನ ಜಾಗ ಕೊಡಹೋದೆ. ಅವರು ನನ್ನ ಭುಜವನ್ನು ಒತ್ತಿ ಕೂರಿಸಿ, ಮೇಲಿನ ಕಂಬಿ ಹಿಡಿದುಕೊಂಡು, ತರೀಕೆರೆಯವರೆಗೂ ನಿಂತೇ ಬಂದರು.